ಬೆರಳಿಗೂ ಬಲ್ಬಿಗೂ ನಡುವೆ

ಸೀಮೆಎಣ್ಣೆಯ ಪಂಪ್ ಸ್ಟವ್ ಇದ್ದ ಮನೆಗಳಲ್ಲಿ ಒಂದು ಪಿನ್ನು ಇದ್ದೇ ಇರುತ್ತಿತ್ತು. ತಗಡಿನ ಪಟ್ಟಿ, ಅದರ ತುದಿಗೆ ಕೂದಲೆಳೆಯಂಥ ತಂತಿ. ಬರ್ನರಿನ ತೂತು ಕಟ್ಟಿದಾಗ ಚುಚ್ಚಿ ಬಿಡಿಸುವುದೊಂದೇ ಅದರ ಕೆಲಸ. ಇನ್ಯಾವುದಕ್ಕೂ ಅದು ಬಾರದು. ಆದರೂ ಅದನ್ನು ಕೊಂಡದ್ದು ದಂಡ ಎಂದು ಯಾರೂ ಅಂದುಕೊಳ್ಳಲಿಲ್ಲ. ಅದರ ಬದಲು ಹೊಲಿಗೆ ಸೂಜಿ ಚುಚ್ಚಿದರೆ ತೂತು ದೊಡ್ಡದಾಗಿ, ಜ್ವಾಲೆ ಹಳದಿಗೆ ತಿರುಗಿ, ಪಾತ್ರೆಗೆಲ್ಲ ಮಸಿ ಹಿಡಿಯುತ್ತಿತ್ತು. ಕಂಪನಿ ನಾಟಕಗಳಿಗೂ ಬಯಲಾಟಗಳಿಗೂ ಬೆಳಕಾಗಿದ್ದ ಗ್ಯಾಸ್‌ಲೈಟಿಗೂ ಇಂಥದೇ ಶಿಸ್ತು ಇತ್ತು. ಅದರ ಮ್ಯಾಂಟಲ್ ಒಮ್ಮೆ ಉರಿದ ಮೇಲೆ ಬೂದಿಯಲ್ಲಿ ನೇಯ್ದ ಬಲೆಯಂತೆ. ಬೆರಳು ತಾಗಿದರೆ ಉದುರಿಹೋಗುತ್ತಿತ್ತು. ಲೈಟು ಹಚ್ಚುವವನಿಗೆ ಎಲ್ಲಿ ಹಿಡಿಯಬೇಕು, ಎಲ್ಲಿ ಮುಟ್ಟಬಾರದು ಎಂಬುದು ಕೈಗೆ ಅಂಟಿದ ವಿದ್ಯೆಯಾಗಿತ್ತು. ಮುಟ್ಟಬಾರದ್ದನ್ನು ಮುಟ್ಟದೆ ಕೂರಿಸುವ ಜಾಣ್ಮೆ ನಮ್ಮ ರಂಗಭೂಮಿಗೆ ಹ್ಯಾಲೋಜನ್ ಬಲ್ಬಿನ ಜೊತೆ ಹೊಸದಾಗಿ ಬಂದದ್ದೇನಲ್ಲ.

ಆ ಹ್ಯಾಲೋಜನ್ ಬಲ್ಬನ್ನು ಲೈಟಿನೊಳಗೆ ಕೂರಿಸಲೆಂದೇ ಮಾಡಿದ ಸಣ್ಣಪುಟ್ಟ ಸಲಕರಣೆಗಳು ಕೊಳ್ಳಲು ಯೋಗ್ಯವೇ ಎಂಬುದು ಇಲ್ಲಿನ ಪ್ರಶ್ನೆ. ರಂಗದ ಮಂದಿ ಬಾರಿಗೆ ತೂಗುಹಾಕುವ ಲೋಹದ ಒಡಲಿಗೆ ಲೈಟು ಎನ್ನುತ್ತಾರೆ, ಅದರೊಳಗೆ ಉರಿಯುವುದಕ್ಕೆ ಬಲ್ಬು ಎನ್ನುತ್ತಾರೆ. ಈ ಲೇಖನದಲ್ಲೂ ಹಾಗೆಯೇ ಇರಲಿ. ಬಲ್ಬು ಹಿಡಿಯುವ ಸ್ಪಂಜಿನ ತೋಳು, ಹತ್ತಿಯ ಕೈಗವಸು, ಗಾಜಿಗೆ ಅಂಟಿಕೊಳ್ಳುವ ರಬ್ಬರಿನ ಬಟ್ಟಲು, ಉದ್ದ ಕೋಲಿನ ತುದಿಯ ಹಿಡಿಕೆ, ಕ್ಲ್ಯಾಂಪಿನ ಬೋಲ್ಟಿಗೆ ಮಾತ್ರ ಹೊಂದುವ ಸ್ಪ್ಯಾನರ್, ಅದನ್ನು ಸೊಂಟಕ್ಕೆ ಕಟ್ಟುವ ದಾರ: ಒಂದೊಂದೂ ನೋಡಲು ಅಷ್ಟೇನೂ ಇಲ್ಲದ ವಸ್ತು. ಬಾಡಿಗೆ ಲೈಟು ತಂದು ವರ್ಷಕ್ಕೆ ನಾಲ್ಕಾರು ಪ್ರಯೋಗ ಮಾಡುವ ಹವ್ಯಾಸಿ ತಂಡಕ್ಕೆ ಇವೆಲ್ಲ ಶೋಕಿ ಎನಿಸುವುದು ಸಹಜ. ನನ್ನ ವಾದ ಇಷ್ಟು: ಯಾವ ಸಲಕರಣೆ ಒಂದು ನಿರ್ದಿಷ್ಟ ತಪ್ಪನ್ನು, ಅದು ನಡೆಯುವ ಜಾಗದಲ್ಲೇ ತಡೆಯುತ್ತದೆಯೋ ಅದು ಯೋಗ್ಯ. ಕೈಗೆ ಸುಲಭ ಮಾಡಿಕೊಡುತ್ತೇನೆ ಎಂದಷ್ಟೇ ಹೇಳಿಕೊಳ್ಳುವುದು ಹೆಚ್ಚಾಗಿ ಯೋಗ್ಯವಲ್ಲ, ಕೆಲವೊಮ್ಮೆ ಹಾನಿಯನ್ನೂ ಮಾಡುತ್ತದೆ. ಯಾವುದು ಯಾವುದೆಂದು ತಿಳಿಯಬೇಕಾದರೆ ಮೊದಲು ಬಲ್ಬು ಹೇಗೆ ಸಾಯುತ್ತದೆ ಎಂಬುದನ್ನು ತಿಳಿಯಬೇಕು.

ಎಲ್ಲ ತಂತಿಬಲ್ಬುಗಳಂತೆ ಇದರೊಳಗೂ ಟಂಗ್‌ಸ್ಟನ್ ತಂತಿಯೇ ಕಾಯುವುದು. ರಂಗಕ್ಕೆ ಬೇಕಾದ ಬಿಳುಪು ಬರಬೇಕಾದರೆ ಆ ತಂತಿ ಸುಮಾರು 2,900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು; ಟಂಗ್‌ಸ್ಟನ್ ಕರಗುವುದು 3,422 ಡಿಗ್ರಿಯಲ್ಲಿ. ಅಷ್ಟು ಕಾದ ಲೋಹ ಸುಮ್ಮನಿರದು, ಕಣಕಣವಾಗಿ ಆವಿಯಾಗುತ್ತದೆ. ಹಳೆಯ ಬಲ್ಬಿನಲ್ಲಿ ಆ ಆವಿ ಗಾಜಿನ ಒಳಮೈಗೆ ಅಂಟಿ ಕಪ್ಪಾಗುತ್ತಿತ್ತು, ತಂತಿ ಸವೆಯುತ್ತಿತ್ತು. 1959ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಲ್ಮರ್ ಫ್ರಿಡ್ರಿಚ್ ಮತ್ತು ಎಮೆಟ್ ವೈಲಿ ಪೇಟೆಂಟ್ ಪಡೆದ ಬಲ್ಬಿನಲ್ಲಿ ಇದಕ್ಕೊಂದು ಉಪಾಯವಿತ್ತು. ಒಳಗೆ ತುಸು ಅಯೋಡಿನ್ ಸೇರಿಸಿದರೆ (ಈಗ ಹೆಚ್ಚಾಗಿ ಬ್ರೋಮಿನ್ ಸಂಯುಕ್ತಗಳು) ಅದು ಗೋಡೆಯ ಬಳಿ ಟಂಗ್‌ಸ್ಟನ್ ಕಣವನ್ನು ಹಿಡಿದುಕೊಂಡು, ಕಾದ ತಂತಿಯ ಹತ್ತಿರ ಮರಳಿ ಬಿಟ್ಟುಬಿಡುತ್ತದೆ. ಆದರೆ ಈ ಹೋಗುಬರುವಿಕೆ ನಡೆಯಲು ಗಾಜಿನ ಗೋಡೆಯೇ ಕಡಿಮೆಯೆಂದರೂ 250 ಡಿಗ್ರಿ ಕಾದಿರಬೇಕು. ಹಾಗಾಗಿ ಬಲ್ಬು ಚಿಕ್ಕದಾಯಿತು, ಗೋಡೆ ತಂತಿಗೆ ಹತ್ತಿರವಾಯಿತು. ಸಾದಾ ಗಾಜು ಆ ಕಾವನ್ನು ತಾಳದ ಕಾರಣ ಬೆಣಚುಕಲ್ಲನ್ನು ಕರಗಿಸಿ ಮಾಡಿದ ಕ್ವಾರ್ಟ್ಜ್ ಗಾಜು ಬಂತು. ಒಂದು ಸಾವಿರ ವ್ಯಾಟ್ ಹೆಬ್ಬೆರಳಿನಷ್ಟು ಜಾಗಕ್ಕೆ ಇಳಿದದ್ದು ಹೀಗೆ. ಬೆರಳಿನ ಸಮಸ್ಯೆ ಶುರುವಾದದ್ದೂ ಇಲ್ಲಿಯೇ.

ನಮ್ಮ ಚರ್ಮದ ಮೇಲೆ ಬೆವರಿನ ಉಪ್ಪೂ ಎಣ್ಣೆಯ ಜಿಡ್ಡೂ ಇರುತ್ತವೆ. ಆ ಉಪ್ಪಿನ ಸೋಡಿಯಂ ಕಾದ ಕ್ವಾರ್ಟ್ಜ್ ಗಾಜಿಗೆ ಆಗಿಬಾರದು. ಸೋಡಿಯಂ ಇದ್ದ ಕಡೆ ಗಾಜು ತನ್ನ ಗಾಜುತನವನ್ನು ಬಿಟ್ಟು ಮತ್ತೆ ಹರಳುಗಟ್ಟತೊಡಗುತ್ತದೆ. ಹೊರಗಿನಿಂದ ನೋಡಿದರೆ ಹಾಲಿನ ಬಣ್ಣದ ಮಚ್ಚೆ. ಬೆರಳಚ್ಚೇ ಮೂಡಿರುವುದೂ ಉಂಟು. ಹರಳಾದ ಭಾಗ ಕಾವಿಗೆ ಹಿಗ್ಗುವ ರೀತಿ ಬೇರೆ, ಸುತ್ತಲ ಗಾಜಿನದು ಬೇರೆ. ಪ್ರತಿ ಸಲ ಕಾದು ಆರಿದಾಗಲೂ ಆ ಗಡಿಯಲ್ಲಿ ಬಿರುಕು ಬೆಳೆಯುತ್ತದೆ. ಮಚ್ಚೆ ಬೆಳಕನ್ನು ತಡೆದು ತಾನೇ ಕಾಯುವುದರಿಂದ ಕೆಲವೊಮ್ಮೆ ಅಲ್ಲಿ ಗಾಜು ಮೆದುವಾಗಿ ಉಬ್ಬುತ್ತದೆ. ಇಷ್ಟೂ ನಿಜ. ಆದರೆ ಮುಟ್ಟಿದ ಬಲ್ಬು ಹಚ್ಚಿದೊಡನೆ ಸಿಡಿಯುತ್ತದೆ ಎಂದು ಹೊಸಬರನ್ನು ಹೆದರಿಸುವುದು ಅತಿಯಾಯಿತು. ಈ ಹಾನಿ ನಿಧಾನದ್ದು, ಗಂಟೆಗಳ ಲೆಕ್ಕದ್ದು. ಮುಟ್ಟಿದ್ದು ಗೊತ್ತಾದರೆ, ಹಚ್ಚುವ ಮೊದಲು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಒರೆಸಿ, ಆರಲು ಬಿಟ್ಟರೆ ಬಲ್ಬು ಮೊದಲಿನಂತೆಯೇ ಆಗುತ್ತದೆ. (ಕೊರೋನಾ ಕಾಲದಿಂದ ಎಲ್ಲರ ಚೀಲದಲ್ಲೂ ಸಿಗುವ ಸ್ಯಾನಿಟೈಸರ್ ಈ ಕೆಲಸಕ್ಕೆ ಬೇಡ. ಕೈ ಒಣಗದಿರಲೆಂದು ಅದರಲ್ಲಿ ಗ್ಲಿಸರಿನ್ ಬೆರೆಸಿರುತ್ತಾರೆ, ಅದು ಗಾಜಿನ ಮೇಲೆಯೇ ಉಳಿಯುತ್ತದೆ.) ಒಮ್ಮೆ ಉರಿದು ಮಚ್ಚೆ ಕೂತ ಮೇಲೆ ಯಾವ ಒರೆಸುವಿಕೆಯೂ ಅದನ್ನು ತೆಗೆಯದು. ಅಂದರೆ ತಪ್ಪು ತಿದ್ದಿಕೊಳ್ಳುವ ಅವಕಾಶವಿರುವುದು ಮುಟ್ಟಿದ ಗಳಿಗೆಗೂ ಹಚ್ಚುವ ಗಳಿಗೆಗೂ ನಡುವೆ ಮಾತ್ರ. ಪ್ರಯೋಗದ ದಿನ ಸಂಜೆ ಐದಕ್ಕೆ, ಏಣಿಯ ಮೇಲೆ, ಮುಟ್ಟಿದೆನೋ ಇಲ್ಲವೋ ಎಂದು ಯಾರಿಗೂ ನೆನಪಿರುವುದಿಲ್ಲ.

ಅಲ್ಲಿಗೆ ಸ್ಪಂಜಿನ ತೋಳು ತನ್ನ ಬೆಲೆಯನ್ನು ತೀರಿಸಿದಂತೆ. ಹಲವು ಬಲ್ಬುಗಳ ಪೆಟ್ಟಿಗೆಯಲ್ಲಿ ಇಂಥ ತೋಳೋ ಪ್ಲಾಸ್ಟಿಕ್ಕಿನ ಹೊದಿಕೆಯೋ ಜೊತೆಗೇ ಬಂದಿರುತ್ತದೆ. ಅದು ಸಾಗಣೆಗಷ್ಟೇ ಎಂದುಕೊಂಡು ಮೊದಲು ಅದನ್ನೇ ಕಿತ್ತೆಸೆಯುವುದು ರೂಢಿ. ಅದರೊಳಗೇ ಹಿಡಿದು ಕೂರಿಸಿ ಕಡೆಗೆ ತೆಗೆಯಬೇಕೆಂಬುದು ಮಾಡಿದವರ ಉದ್ದೇಶ. ಕೈಗವಸಿಗೆ ನಾನು ಇಷ್ಟು ಅಂಕ ಕೊಡಲಾರೆ. ಹತ್ತಿಯ ಕೈಗವಸು ಮೊದಲ ಬಲ್ಬಿಗೆ ಶುದ್ಧವಾಗಿಯೇ ಇರುತ್ತದೆ. ಅದೇ ಕೈ ಆಮೇಲೆ ಧೂಳು ಹಿಡಿದ ಕೇಬಲ್ಲನ್ನು ಎಳೆಯುತ್ತದೆ, ಗ್ರೀಸ್ ಹಚ್ಚಿದ ಕ್ಲ್ಯಾಂಪ್ ಬಿಗಿಯುತ್ತದೆ, ಹಣೆಯ ಬೆವರು ಒರೆಸುತ್ತದೆ. ಐದನೆಯ ಬಲ್ಬಿನ ಹೊತ್ತಿಗೆ ಬರಿಗೈಗಿಂತ ಕೈಗವಸೇ ಹೆಚ್ಚು ಕೊಳೆ. ಬರಿಗೈಯವನಿಗೆ ಎಚ್ಚರವಾದರೂ ಇರುತ್ತದೆ. ಕೈಗವಸು ತೊಟ್ಟವನು ನಿಶ್ಚಿಂತೆಯಿಂದ ಗಾಜನ್ನೇ ಹಿಡಿಯುತ್ತಾನೆ. ಬಲ್ಬಿಗೆಂದೇ ಬೇರೆ ಜೊತೆ ಇಟ್ಟುಕೊಂಡು ಬೇರಾವುದಕ್ಕೂ ಬಳಸದ ಶಿಸ್ತು ಇದ್ದರೆ ಸರಿ. ಇಲ್ಲದಿದ್ದರೆ ತೊಳೆದು ಒಣಗಿಸಿದ ಒಂದು ತುಂಡು ಹತ್ತಿ ಪಂಚೆಯೇ ವಾಸಿ.

ಬೆರಳಚ್ಚಿನ ಬಗ್ಗೆ ಇಷ್ಟು ಬರೆದದ್ದಕ್ಕೆ ಕಾರಣ ಅದು ಎಲ್ಲರ ಬಾಯಲ್ಲಿರುವ ಭಯ ಎಂಬುದು. ಅದಕ್ಕಿಂತ ಹೆಚ್ಚು ಬಲ್ಬುಗಳನ್ನು ಕೊಲ್ಲುವ ಕಾರಣ ಒಂದಿದೆ, ಅದರ ಮಾತು ಕಡಿಮೆ. ಅದು ಸಡಿಲ ಹೋಲ್ಡರ್. 230 ವೋಲ್ಟಿನಲ್ಲಿ 1,000 ವ್ಯಾಟಿನ ಬಲ್ಬು ಸುಮಾರು 4.35 ಆಂಪಿಯರ್ ಎಳೆಯುತ್ತದೆ. ಬಲ್ಬಿನ ಕಾಲು ಹೋಲ್ಡರಿನೊಳಗೆ ಪೂರ್ತಿ ಇಳಿಯದೆ ಅರೆಬರೆ ತಾಗಿದ್ದು, ಅಲ್ಲಿ ಅರ್ಧ ಓಮ್‌ನಷ್ಟು ತಡೆ ಹುಟ್ಟಿದರೆ ಆ ಒಂದು ಬಿಂದುವಿನಲ್ಲಿ 9 ವ್ಯಾಟಿಗೂ ಮಿಕ್ಕಿ ಕಾವು ಹುಟ್ಟುತ್ತದೆ. ಬಲ್ಬಿನ ಕಾಲಿಗೆ ಸಣ್ಣದೊಂದು ಸೋಲ್ಡರಿಂಗ್ ಕಡ್ಡಿ ಹಿಡಿದಂತೆ. ಇದು ಎಷ್ಟು ಅಪಾಯ ಎಂಬುದು ಬಲ್ಬಿನ ಬುಡ ನೋಡಿದರೆ ತಿಳಿಯುತ್ತದೆ. ಕ್ವಾರ್ಟ್ಜ್ ಗಾಜು ಕಾವಿಗೆ ಹಿಗ್ಗುವುದು ತೀರ ಕಡಿಮೆ, ಲೋಹ ಹಿಗ್ಗುವುದು ಹೆಚ್ಚು. ದಪ್ಪ ತಂತಿಯನ್ನು ಗಾಜಿನೊಳಗೆ ಹುಗಿದರೆ ಗಾಜು ಸೀಳುತ್ತದೆ. ಅದಕ್ಕೇ ಕೂದಲಿಗಿಂತಲೂ ತೆಳುವಾದ ಮಾಲಿಬ್ಡಿನಮ್ ಹಾಳೆಯೊಂದನ್ನು ಚಪ್ಪಟೆ ಒತ್ತಿದ ಬುಡದಲ್ಲಿ ಸೇರಿಸಿರುತ್ತಾರೆ. ಕರೆಂಟು ಒಳಗೆ ಹೋಗುವುದು ಅದರ ಮೂಲಕ. ಬುಡದ ಕಾವು ಸುಮಾರು 350 ಡಿಗ್ರಿ ದಾಟಿದರೆ ಗಾಳಿ ತಾಗುವ ತುದಿಯಲ್ಲಿ ಆ ಹಾಳೆ ತುಕ್ಕುಗಟ್ಟಿದಂತಾಗಿ ಊದಿಕೊಳ್ಳುತ್ತದೆ, ಬುಡ ಬಿರಿಯುತ್ತದೆ, ಒಳಗೆ ಗಾಳಿ ನುಗ್ಗುತ್ತದೆ. ತಂತಿ ಎಷ್ಟೇ ಹೊಸದಿದ್ದರೂ ಅಲ್ಲಿಗೆ ಮುಗಿಯಿತು. ಇನ್ನೂ ಕೆಟ್ಟದ್ದೆಂದರೆ ಇದು ಅಂಟುರೋಗ. ಸುಟ್ಟ ಹೋಲ್ಡರಿಗೆ ಹಾಕಿದ ಹೊಸ ಬಲ್ಬಿನ ಕಾಲೂ ಸುಡುತ್ತದೆ. ಆ ಬಲ್ಬನ್ನು ತೆಗೆದು ಒಳ್ಳೆಯ ಹೋಲ್ಡರಿಗೆ ಹಾಕಿದರೆ ಅದೂ ಕೆಡುತ್ತದೆ. ಕಾಲನ್ನು ಮರಳುಕಾಗದದಿಂದ ಉಜ್ಜಿ ಹೊಳಪು ಬರಿಸುವ ಅಭ್ಯಾಸ ಕೆಲವರಿಗಿದೆ. ಮೇಲಿನ ಲೇಪ ಹೋಗಿ, ಕಾಲು ತುಸು ಸಣ್ಣದಾಗಿ, ರೋಗ ಜಾಸ್ತಿಯೇ ಆಗುತ್ತದೆ. ಬಣ್ಣ ಕೆಟ್ಟ ಹೋಲ್ಡರನ್ನು ಬದಲಿಸುವುದೊಂದೇ ದಾರಿ.

ಈಗ ಸಲಕರಣೆಗಳ ಪಟ್ಟಿಗೆ ಮರಳಿದರೆ ರಬ್ಬರಿನ ಬಟ್ಟಲು, ಚಿಮುಟದಂಥ ಹಿಡಿಕೆಗಳ ಗುಣ ಬೇರೆಯಾಗಿ ಕಾಣುತ್ತದೆ. ಅವು ಹಿಡಿಯುವುದು ಗಾಜನ್ನು. ಗಾಜಿನ ತಲೆ ಹಿಡಿದು ಒತ್ತುವವನ ಬಲ ಗಾಜಿನ ಮೂಲಕವೇ ಬುಡಕ್ಕೆ ಇಳಿಯಬೇಕು. ಗಾಜು ಒಡೆದೀತೆಂದು ಕೈ ತಾನಾಗಿ ಹಿಂಜರಿಯುತ್ತದೆ, ಕಾಲು ಎರಡು ಮಿಲಿಮೀಟರ್ ಮೇಲೆಯೇ ಉಳಿಯುತ್ತದೆ. ಬೆರಳಚ್ಚು ತಪ್ಪಿಸಲು ಹೋಗಿ ಸಡಿಲ ಕಾಲನ್ನು ತಂದುಕೊಂಡಂತಾಯಿತು; ಮೊದಲನೆಯದು ನಿಧಾನದ ಹಾನಿ, ಎರಡನೆಯದು ಬೇಗನೆಯದು. ಗಾಜಿಗೆ ಮುಸುಕು ಹಾಕಿ, ಒತ್ತುವ ಬಲವನ್ನು ಪಿಂಗಾಣಿಯ ಅಥವಾ ಲೋಹದ ಬುಡಕ್ಕೆ ಕೊಡುವುದು ಸರಿಯಾದ ಕ್ರಮ. ಇದನ್ನು ಬಲ್ಬಿನ ರಚನೆಯಲ್ಲೇ ಅಳವಡಿಸಿದ ಒಂದು ಉದಾಹರಣೆ ನಮ್ಮ ಎಷ್ಟೋ ರಂಗಮಂದಿರಗಳ ಬಾರುಗಳ ಮೇಲೆಯೇ ಇದೆ. 1992ರಲ್ಲಿ ಇಟಿಸಿ ಕಂಪನಿ ತಂದ ಸೋರ್ಸ್ ಫೋರ್ ಎಂಬ ಪ್ರೊಫೈಲ್ ಲೈಟಿಗೆಂದು ಎಚ್‌ಪಿಎಲ್ ಬಲ್ಬು ರೂಪುಗೊಂಡಿತು. ಒಂದರ ಪಕ್ಕ ಒಂದು ನಿಂತ ನಾಲ್ಕು ಸುರುಳಿ ತಂತಿ, ಕಾವನ್ನು ಹೊರಗೆ ಸಾಗಿಸುವ ಲೋಹದ ಬುಡ. ಆ ಬುಡವನ್ನೇ ಎರಡು ಬೆರಳಲ್ಲಿ ಹಿಡಿದು ಒತ್ತಬಹುದು, ಗಾಜಿನ ತಂಟೆಗೇ ಹೋಗಬೇಕಿಲ್ಲ. ಬಲ್ಬು ಪೂರ್ತಿ ಕೂತ ಮೇಲೆಯೇ ಹೋಲ್ಡರಿನ ತಂತಿಯ ಕೊಂಡಿ ಅದರ ಮೇಲೆ ಸರಿಯಾಗಿ ಬೀಳುತ್ತದೆ. ಹಿಂದಿನ ಮುಚ್ಚಳ ತೆರೆಯಲು ಕೈಯಿಂದಲೇ ತಿರುಗುವ ತಿರುಪು ಸಾಕು. ಬಿಡಿ ಹತಾರವೊಂದು ಮಾಡಬೇಕಾದ ಕೆಲಸವನ್ನೆಲ್ಲ ಇಲ್ಲಿ ಬಲ್ಬೂ ಹೋಲ್ಡರೂ ಹಂಚಿಕೊಂಡಿವೆ. ಇಂಥ ಲೈಟಿಗೆ ಬಲ್ಬು ಕೂರಿಸುವ ಸಲಕರಣೆ ಕೊಳ್ಳುವುದು ನಿಜಕ್ಕೂ ವ್ಯರ್ಥ.

ಬಲ್ಬು ಪೂರ್ತಿ ಕೂರುವುದಕ್ಕೂ ಬೆಳಕಿನ ಗುಣಕ್ಕೂ ನೇರ ಸಂಬಂಧವಿದೆ ಎಂಬುದನ್ನು ಇಲ್ಲಿ ಬಿಡುವಂತಿಲ್ಲ. ಪ್ರೊಫೈಲ್ ಲೈಟಿನ ಪ್ರತಿಫಲಕ ಅಂಡಾಕಾರದ್ದು. ಅಂಡಾಕೃತಿಗೆ ಎರಡು ನಾಭಿ; ಒಂದರಲ್ಲಿ ಹುಟ್ಟಿದ ಬೆಳಕೆಲ್ಲ ಇನ್ನೊಂದರಲ್ಲಿ ಸೇರುತ್ತದೆ. ತಂತಿ ಮೊದಲ ನಾಭಿಯಲ್ಲೇ ನಿಲ್ಲಬೇಕೆಂದು ಬಲ್ಬಿನ ಬುಡದಿಂದ ತಂತಿಯ ನಡುವಿನವರೆಗಿನ ಅಳತೆಯನ್ನು ಮಿಲಿಮೀಟರಿನ ಭಿನ್ನಾಂಶದವರೆಗೆ ನಿಗದಿ ಮಾಡಿರುತ್ತಾರೆ. ಎಚ್‌ಪಿಎಲ್ ಬಲ್ಬಿಗೆ ಅದು 60.3 ಮಿ.ಮೀ. ಕಾಲು ಎರಡು ಮಿಲಿಮೀಟರ್ ಮೇಲಿದ್ದರೆ ಈ ಎಚ್ಚರವೆಲ್ಲ ನೀರಿಗೆ. ನಟಿಯ ಮುಖದ ಮೇಲೆ ಬೀಳುವ ವೃತ್ತದ ಒಂದು ಬದಿ ಮಂಕಾಗುತ್ತದೆ, ನಡುವೆ ಕಂದು ನೆರಳು ಕಾಣುತ್ತದೆ. ಲೈಟು ಹಳೆಯದಾಯಿತು, ಲೆನ್ಸು ಹೋಯಿತು ಎಂದು ಬಾಡಿಗೆಯವರನ್ನು ಬೈಯುವ ಮೊದಲು, ಪ್ಲಗ್ ಕಿತ್ತು, ಆರಲು ಬಿಟ್ಟು, ಬಲ್ಬನ್ನು ಬುಡದಿಂದ ಒಮ್ಮೆ ಒತ್ತಿ ನೋಡಬೇಕು.

ಎಲ್ಲ ಲೈಟಿಗೂ ಒಂದೇ ಮಾತು ಹೊಂದದು. ಊರಿನ ಆರ್ಕೆಸ್ಟ್ರಾದಿಂದ ಯಕ್ಷಗಾನದ ಮೇಳದವರೆಗೆ ಎಲ್ಲರೂ ಬಲ್ಲ ಪಾರ್ ಕ್ಯಾನನ್ನೇ ತೆಗೆದುಕೊಳ್ಳಿ. ಅದರೊಳಗಿನ ಪಾರ್ 64 ಬಲ್ಬಿನ ಹೆಸರಿನಲ್ಲಿರುವ 64 ಎಂದರೆ ಇಂಚಿನ ಎಂಟನೆಯ ಒಂದು ಭಾಗಗಳ ಲೆಕ್ಕದಲ್ಲಿ ಅದರ ಅಗಲ, ಅಂದರೆ 8 ಇಂಚು. ತಂತಿ, ಪ್ರತಿಫಲಕ, ಮುಂದಿನ ಗಾಜು ಎಲ್ಲ ಸೇರಿ ಒಂದೇ ಮುಚ್ಚಿದ ಡಬ್ಬಿ. ಕೈ ತಾಗುವುದು ಹೊರಗಿನ ದಪ್ಪ ಗಾಜಿಗೆ, ಆದ್ದರಿಂದ ಬೆರಳಚ್ಚಿನ ಚಿಂತೆಯೇ ಇಲ್ಲ. ಅಲ್ಲಿ ಕೈಗವಸು ಬರೀ ಆಚಾರ. ಹಿಂದಿನ ಪಿಂಗಾಣಿ ಕನೆಕ್ಟರನ್ನು ವೈರು ಹಿಡಿದು ಎಳೆಯದೆ ಪಿಂಗಾಣಿಯನ್ನೇ ಹಿಡಿದು ಬಿಡಿಸಿದರೆ ಸಾಕು. ಇದಕ್ಕೆ ತದ್ವಿರುದ್ಧ, ಹಿನ್ನೆಲೆಯ ಪರದೆಗೆ ಬೆಳಕು ತುಂಬುವ ಫ್ಲಡ್ ಲೈಟಿನ ಉದ್ದ ಕೊಳವೆ ಬಲ್ಬು. ಎರಡು ತುದಿಯಲ್ಲಿ ಸ್ಪ್ರಿಂಗ್ ಹೋಲ್ಡರ್, ನಡುವೆ ಬರೀ ಕ್ವಾರ್ಟ್ಜ್ ಕೊಳವೆ. ಹಿಡಿಯಲು ಬೇರೆ ಜಾಗವೇ ಇಲ್ಲ. ಒಂದು ತುದಿಯನ್ನು ಒತ್ತಿ ಇನ್ನೊಂದನ್ನು ತೂರಿಸುವಾಗ ಓರೆಯಾದರೆ ಕೊಳವೆ ಮುರಿಯುತ್ತದೆ. ಬಟ್ಟೆಯ ಹೊದಿಕೆ ಅತ್ಯಂತ ಅಗತ್ಯವಾಗಿರುವುದು ಇಲ್ಲಿ, ರಂಗದ ಮೇಲಿನ ಅತಿ ಅಗ್ಗದ ಲೈಟಿಗೆ. ಅಗ್ಗ ಎಂಬ ಕಾರಣಕ್ಕೇ ಆ ಹೊದಿಕೆ ಅಲ್ಲಿ ಕಾಣಿಸದು.

ಏಣಿಯ ಮೇಲಿನ ಸ್ಪ್ಯಾನರಿನ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಬಲ್ಬು ಬದಲಿಸಲು ಬಹಳಷ್ಟು ಸಲ ಲೈಟನ್ನು ತಿರುಗಿಸಬೇಕು, ಇಳಿಸಬೇಕು, ಮತ್ತೆ ಬಿಗಿಯಬೇಕು. ಅದಕ್ಕೆ ಬೇಕಾದದ್ದು ಬಹುತೇಕ 17 ಮತ್ತು 19 ಮಿ.ಮೀ. ಬಾಯಿ. ಅಂಗಡಿಯಲ್ಲಿ ಸಿಗುವ ತಿರುಪಿನ ಸ್ಪ್ಯಾನರ್ ಎಲ್ಲ ಅಳತೆಗೂ ಹೊಂದುತ್ತದೆಯಾದರೂ ಅದರ ಬಾಯಿ ಸಡಿಲವಾಗಿ ಬೋಲ್ಟಿನ ಮೂಲೆಗಳನ್ನು ತಿನ್ನುತ್ತದೆ. ಎರಡೇ ಅಳತೆಯ, ಹಿಡಿಯಲ್ಲಿ ತೂತಿರುವ, ದಾರ ಕಟ್ಟಿದ ಸ್ಪ್ಯಾನರ್ ಇಲ್ಲಿ ಸರಿಯಾದ ಹತಾರ. ದಾರದ ಮಹತ್ವಕ್ಕೆ ಶಾಲೆಯ ಭೌತಶಾಸ್ತ್ರವೇ ಸಾಕ್ಷಿ: 6 ಮೀಟರ್ ಎತ್ತರದ ಬಾರಿನಿಂದ ಕೈಜಾರಿದ ಸ್ಪ್ಯಾನರ್ ವೇದಿಕೆ ಮುಟ್ಟಲು ತೆಗೆದುಕೊಳ್ಳುವುದು ಒಂದು ಸೆಕೆಂಡಿಗಿಂತ ತುಸು ಹೆಚ್ಚು, ಆಗ ಅದರ ವೇಗ ಗಂಟೆಗೆ ಸುಮಾರು 39 ಕಿ.ಮೀ. ಕೆಳಗೆ ಆ ಹೊತ್ತಿಗೆ ನಟರು ಸಾಲಾಗಿ ಕೂತು ಮಾತು ಒಪ್ಪಿಸುತ್ತಿರುತ್ತಾರೆ, ಮಕ್ಕಳ ನಾಟಕವಾದರೆ ಓಡಾಡುತ್ತಿರುತ್ತಾರೆ. ಒಂದು ಗಜ ನೂಲಿನ ಹಗ್ಗ ಇದನ್ನು ತಡೆಯುತ್ತದೆ ಎಂದ ಮೇಲೆ ಯೋಗ್ಯವೇ ಎಂಬ ಪ್ರಶ್ನೆಯೇ ಏಳಬಾರದು. ಉದ್ದ ಕೋಲಿನ ಬಲ್ಬು ಹಿಡಿಕೆ ಏಣಿ ಹತ್ತುವುದನ್ನು ತಪ್ಪಿಸುತ್ತದೆ ಎಂದು ಕೆಲವರು ಹೇಳಬಹುದು. ಅದು ಹೊಂದುವುದು ಕೆಳಮುಖವಾಗಿ ತೆರೆದ, ತಿರುಪಿನ ಬುಡದ ಬಲ್ಬಿಗೆ, ಅಂದರೆ ಪ್ರೇಕ್ಷಾಗೃಹದ ಚಾವಣಿ ದೀಪಗಳಿಗೆ. ಮುಚ್ಚಳ ತೆರೆದು ಕಾಲನ್ನು ನೇರ ಒತ್ತಬೇಕಾದ ರಂಗದ ಲೈಟಿಗೆ ಅದರಿಂದ ಪ್ರಯೋಜನವಿಲ್ಲ.

ಇದಕ್ಕೆಲ್ಲ ದುಡ್ಡೆಲ್ಲಿದೆ ಎಂಬ ಮೊದಲ ಆಕ್ಷೇಪ ಗಟ್ಟಿಯಾದದ್ದು. ಅದಕ್ಕೆ ಲೆಕ್ಕದಿಂದಲೇ ಉತ್ತರ ಹೇಳಬೇಕು. ರಂಗಕ್ಕೆಂದು ಮಾಡಿದ 1,000 ವ್ಯಾಟಿನ ಟಿ19 ಬಲ್ಬಿಗೆ ಸಾಮಾನ್ಯವಾಗಿ 750 ಗಂಟೆಯ ಆಯುಸ್ಸು. ಹೆಚ್ಚು ಬೆಳಕು ಕೊಡುವ ಎಚ್‌ಪಿಎಲ್ ಬಗೆಗೆ 300 ಗಂಟೆಯ ಆಸುಪಾಸು. ಲೈಟು ಜೋಡಿಸಿ ನೋಡುವ ಹೊತ್ತೂ ಸೇರಿ ಒಂದು ಪ್ರಯೋಗಕ್ಕೆ 4 ಗಂಟೆ ಉರಿಯುತ್ತದೆ ಎಂದುಕೊಂಡರೆ ಮೊದಲನೆಯದು 180ಕ್ಕೂ ಹೆಚ್ಚು ಪ್ರಯೋಗ, ಎರಡನೆಯದು 75 ಪ್ರಯೋಗ ನಡೆಸಿಕೊಡಬೇಕು. ವರ್ಷಕ್ಕೆ 30 ಪ್ರಯೋಗ ಮಾಡುವ ತಂಡದ ಕೈಯಲ್ಲಿ ಒಂದು ಟಿ19 ಆರು ವರ್ಷ ಬಾಳಬೇಕು. ಬಾಳುತ್ತಿಲ್ಲ, ಎರಡನೆಯ ಹಂಗಾಮಿಗೇ ಹೋಗುತ್ತಿದೆ ಎಂದಾದರೆ ಅದು ವಯಸ್ಸಾಗಿ ಸತ್ತದ್ದಲ್ಲ. ದುಡ್ಡಿಲ್ಲದ ತಂಡಕ್ಕೆ ಅಕಾಲದಲ್ಲಿ ಹೋದ ಒಂದೊಂದು ಬಲ್ಬೂ ಹೆಚ್ಚು ಭಾರ. ತೊಳೆದ ಬಟ್ಟೆ, ಒಂದು ಸಣ್ಣ ಬಾಟಲಿ ಆಲ್ಕೊಹಾಲ್, ಟಾರ್ಚು, ದಾರ ಕಟ್ಟಿದ ಸ್ಪ್ಯಾನರ್ ಇವೆಲ್ಲ ಸೇರಿದರೂ ಅಷ್ಟು ಭಾರವಾಗದು. ಜೊತೆಗೆ ದುಡ್ಡೇ ಬೇಡದ ಮದ್ದುಗಳನ್ನೂ ಮರೆಯಬಾರದು. ತಂತಿಬಲ್ಬಿನ ಆಯುಸ್ಸು ವೋಲ್ಟೇಜಿಗೆ ವಿಪರೀತ ಸೂಕ್ಷ್ಮ: ಶೇ 5 ಏರಿದರೆ ಆಯುಸ್ಸು ಹೆಚ್ಚುಕಡಿಮೆ ಅರ್ಧ, ಶೇ 5 ಇಳಿದರೆ ಹೆಚ್ಚುಕಡಿಮೆ ಇಮ್ಮಡಿ, ಬೆಳಕು ಮಾತ್ರ ಶೇ 16ರಷ್ಟು ಕಡಿಮೆ. ಜನರೇಟರ್ ಮೇಲೆ ನಾಟಕ ಆಡುವವರು ಡಿಮ್ಮರನ್ನು ಪೂರ್ತಿ ಏರಿಸದೆ ಒಂದು ಗೆರೆ ಕೆಳಗೆ ನಿಲ್ಲಿಸಿದರೆ ಯಾವ ಹತಾರಕ್ಕಿಂತಲೂ ಹೆಚ್ಚು ಉಳಿತಾಯ. ತಣ್ಣಗಿನ ಟಂಗ್‌ಸ್ಟನ್ ತಂತಿಯ ತಡೆ ಕಾದಾಗಿನದರ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಹಚ್ಚಿದ ಕ್ಷಣ ನುಗ್ಗುವ ಕರೆಂಟಿನ ಪೆಟ್ಟನ್ನು ತಪ್ಪಿಸಲು ನಾಟಕಕ್ಕೆ ಮೊದಲು ಲೈಟುಗಳನ್ನು ಮಿಣುಕಾಗಿ ಕಾಯಿಸಿಡುವುದು ಒಳ್ಳೆಯದು. ಸಲಕರಣೆ ಇವುಗಳ ಜಾಗವನ್ನು ತುಂಬಲಾರದು. ಇವೂ ಸುಟ್ಟ ಹೋಲ್ಡರನ್ನು ಸರಿಮಾಡಲಾರವು.

ಎರಡನೆಯ ಆಕ್ಷೇಪ ಅನುಭವಿಗಳದ್ದು: ನಲವತ್ತು ವರ್ಷ ಬರಿಗೈಯಲ್ಲೇ ಹಾಕಿದ್ದೇವೆ, ಏನೂ ಆಗಿಲ್ಲ. ಅವರ ಕೈಯನ್ನು ನಾನು ಗೌರವಿಸುತ್ತೇನೆ. ಬುಡ ಹಿಡಿಯುವುದು, ಕೂತದ್ದು ಬೆರಳಿಗೇ ತಿಳಿಯುವುದು, ಸುಟ್ಟ ವಾಸನೆಗೆ ಮೂಗು ಎಚ್ಚರವಾಗುವುದು ಅವರಿಗೆ ಉಸಿರಿನಷ್ಟು ಸಹಜ. ಆದರೆ ನಮ್ಮ ರಂಗಭೂಮಿ ನಡೆಯುವುದು ಅವರ ಕೈಯಿಂದಲೇ ಅಲ್ಲ. ಹೆಗ್ಗೋಡಿನ ನೀನಾಸಂ 1985ರಲ್ಲಿ ತಿರುಗಾಟ ಆರಂಭಿಸಿದಂದಿನಿಂದ, ಸಾಣೇಹಳ್ಳಿಯ ಶಿವಸಂಚಾರ ಊರೂರಿಗೆ ಹೊರಟಂದಿನಿಂದ, ತಿರುಗಾಡುವ ತಂಡಗಳಲ್ಲಿ ಸಂಜೆ ಬಣ್ಣ ಹಚ್ಚುವವರೇ ಮಧ್ಯಾಹ್ನ ರಂಗ ಕಟ್ಟುವುದು ರೂಢಿ. ಕಾಲೇಜು ರಂಗೋತ್ಸವಗಳಲ್ಲಂತೂ ಏಣಿ ಹತ್ತುವ ಹುಡುಗ ಹುಡುಗಿಯರು ಪ್ರತಿ ವರ್ಷ ಹೊಸಬರು. ಪಳಗಿದ ಕೈಗೆ ಗೊತ್ತಿರುವುದನ್ನು ಪಳಗದ ಕೈಗೆ ದಾಟಿಸುವ ಅತಿ ಚಿಕ್ಕ ದಾರಿ ಸರಿಯಾದ ಸಲಕರಣೆ. ಸ್ಪಂಜಿನ ತೋಳಿನೊಳಗಿರುವ ಬಲ್ಬನ್ನು ಕೊಟ್ಟರೆ, ಗಾಜು ಮುಟ್ಟಬೇಡ ಎಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಎಲ್‌ಇಡಿ ಬಂದ ಮೇಲೆ ಈ ಚರ್ಚೆಯೇ ಹಳಸಲು ಎನ್ನುವವರಿದ್ದಾರೆ. ಎಲ್‌ಇಡಿ ಲೈಟಿನಲ್ಲಿ ಬದಲಿಸುವ ಬಲ್ಬೇ ಇಲ್ಲ ಎಂಬುದು ನಿಜ, ದೊಡ್ಡ ರಂಗಮಂದಿರಗಳು ಆ ಕಡೆಗೇ ಹೊರಳುತ್ತಿರುವುದೂ ನಿಜ. ಆದರೆ ತಂತಿಬಲ್ಬು ನಿಧಾನವಾಗಿ ಮಂಕಾಗುತ್ತ ಕೆಂಪಗೆ ತಿರುಗುವ ಪರಿಗೆ ಒಗ್ಗಿದ ಬೆಳಕಿನ ವಿನ್ಯಾಸಕರು ಅದನ್ನು ಸುಲಭಕ್ಕೆ ಬಿಟ್ಟುಕೊಟ್ಟಿಲ್ಲ. ಯುರೋಪಿನ ಒಕ್ಕೂಟ ವಿದ್ಯುತ್ ಉಳಿತಾಯದ ಹೊಸ ನಿಯಮ ತರಹೊರಟಾಗ, 2018ರಲ್ಲಿ ಅಲ್ಲಿನ ರಂಗಕರ್ಮಿಗಳು ರಂಗದ ಬೆಳಕನ್ನು ಉಳಿಸಿ ಎಂದು ಚಳವಳಿಯನ್ನೇ ಹೂಡಿದರು. 2021ರ ಸೆಪ್ಟೆಂಬರ್ 1ರಿಂದ ಜಾರಿಯಾದ ನಿಯಮದಲ್ಲಿ ರಂಗದ ಹಲವು ಬಗೆಯ ಬಲ್ಬುಗಳಿಗೆ ವಿನಾಯಿತಿ ಸಿಕ್ಕಿತು. ನಮ್ಮಲ್ಲಿ ಇನ್ನೊಂದು ಕಾರಣವೂ ಇದೆ. ದೊಡ್ಡ ಮಂದಿರ ಎಲ್‌ಇಡಿಗೆ ಹೋದಾಗ ಅದರ ಹಳೆಯ ಲೈಟು ಗುಜರಿಗೆ ಬೀಳುವ ಬದಲು ಬಾಡಿಗೆಯವರಿಗೋ ಸಣ್ಣ ತಂಡಕ್ಕೋ ಸೇರಬಹುದು. ಅಲ್ಯುಮಿನಿಯಮ್ಮಿನ ಒಡಲು ದಶಕಗಳ ಕಾಲ ಬಾಳುತ್ತದೆ, ಹೋಲ್ಡರ್ ಬಾಳುವುದಿಲ್ಲ. ಸುಟ್ಟ ಹೋಲ್ಡರುಗಳ ಆಸ್ತಿ ಬರುವುದು ಅದನ್ನು ತಡೆದುಕೊಳ್ಳಲಾರದವರ ಪಾಲಿಗೆ. ಇನ್ನು ಕ್ಲ್ಯಾಂಪು, ಬೋಲ್ಟು, ಎತ್ತರ, ಸ್ಪ್ಯಾನರಿನ ದಾರ ಎಲ್‌ಇಡಿಗೂ ಬೇಕೇ ಬೇಕು.

ಒಂದು ಬಗೆಯ ಬಲ್ಬಿಗೆ ಮಾತ್ರ ಯೋಗ್ಯತೆಯ ಚರ್ಚೆಯೇ ಸಲ್ಲದು. ಹಳೆಯ ಸಿನಿಮಾ ಪ್ರೊಜೆಕ್ಟರುಗಳಲ್ಲಿ, ಕೆಲವು ದೊಡ್ಡ ಫಾಲೋ ಸ್ಪಾಟ್‌ಗಳಲ್ಲಿ ಇರುವ ಕ್ಸೆನಾನ್ ಬಲ್ಬಿನೊಳಗೆ ತಣ್ಣಗಿರುವಾಗಲೂ ಅನಿಲ ಭಾರಿ ಒತ್ತಡದಲ್ಲಿರುತ್ತದೆ. ಅದು ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ. ಅದರ ರಕ್ಷಾಕವಚ, ಮುಖಕ್ಕೆ ಮರೆ, ದಪ್ಪ ಕೈಗವಸು ಇವಿಲ್ಲದೆ ಯಾರೂ ಅದರ ಹತ್ತಿರ ಹೋಗಬಾರದು. ಕಲಿತವರಲ್ಲದೆ ಬೇರೆಯವರು ಇವಿದ್ದರೂ ಹೋಗಬಾರದು.

ಯಾವ ಸಲಕರಣೆ ತನಗೆ ಬೇಕು ಎಂಬುದನ್ನು ಒಂದು ತಂಡವೋ ತಾಲ್ಲೂಕು ರಂಗಮಂದಿರವೋ ಊಹೆಯಿಂದ ತೀರ್ಮಾನಿಸಬೇಕಿಲ್ಲ. ಸತ್ತ ಬಲ್ಬನ್ನು ಕಸಕ್ಕೆ ಹಾಕದೆ ಅದು ಬಂದ ಪೆಟ್ಟಿಗೆಯಲ್ಲೇ ಇಟ್ಟು, ಮೇಲೆ ತಾರೀಖನ್ನೂ ಅದಿದ್ದ ಲೈಟಿನ ಸಂಖ್ಯೆಯನ್ನೂ ಬರೆದರೆ ಸಾಕು. ಹಂಗಾಮು ಮುಗಿದ ಮೇಲೆ ಹತ್ತು ಪೆಟ್ಟಿಗೆ ಬಿಚ್ಚಿ ಸಾಲಾಗಿ ಇಟ್ಟು ನೋಡಲಿ. ಗಾಜಿನ ಮೇಲೆ ಹಾಲಿನ ಮಚ್ಚೆ ಕಂಡರೆ ಬೆರಳಿನ ಕೆಲಸ. ಬಟ್ಟೆ, ತೋಳು ಬೇಕು. ಕಾಲು ಕಪ್ಪಾಗಿ ತೂತು ಬಿದ್ದಂತಿದ್ದರೆ, ಒಳಗೆ ಬಿಳಿ ಹಳದಿ ಪುಡಿ ಕೂತಿದ್ದರೆ ಬುಡ ಬಿರಿದು ಗಾಳಿ ಹೊಕ್ಕಿದೆ; ಆ ಸಂಖ್ಯೆಯ ಲೈಟಿನ ಹೋಲ್ಡರ್ ಬದಲಾಗಬೇಕು. ಗಾಜು ಶುಭ್ರವಾಗಿದ್ದು ತಂತಿ ಮಾತ್ರ ತುಂಡಾಗಿದ್ದರೆ ದಾರಿಯ ಕುಲುಕಾಟವನ್ನು, ಲೈಟು ಉರಿಯುತ್ತಿರುವಾಗಲೇ ಗುದ್ದಿ ತಿರುಗಿಸಿದ್ದನ್ನು ಸಂಶಯಿಸಬೇಕು. ಅದಕ್ಕೆ ಬೇಕಾದದ್ದು ಲಾರಿಯಲ್ಲಿ ಲೈಟಿನ ಅಡಿಗೆ ಹಾಸುವ ಸ್ಪಂಜು. ತಂತಿ ಜೋತುಬಿದ್ದು ಗಾಜು ಒಳಗಿನಿಂದ ಕಪ್ಪಾಗಿದ್ದರೆ ಅದು ತನ್ನ ಗಂಟೆಗಳನ್ನು ಉರಿದು ಮುಗಿಸಿದ ಬಲ್ಬು. ಹತ್ತರಲ್ಲಿ ಅಂಥವು ಎಷ್ಟಿವೆ ಎಂದು ಎಣಿಸಿದ ಮೇಲೆ ಅಂಗಡಿಗೆ ಹೋಗಲಿ.